ಅಕ್ಕನಿಗೊಂದು ಪ್ರಶ್ನೆ

ಅಕ್ಕಾ, ಕಥೆ ಬರೆಯೋಣ ಅಂತ ದಿನಾ ಕೂರುತ್ತೇನೆ. ಒಂದು ಸಾಲೂ ಹೊಳೆಯುವುದಿಲ್ಲ. ಮೂಡ್ ಬರುವವರೆಗೆ ಕಾಯಲೇ? (ತಿಪಟೂರಿನ ಓದುಗರು)

ಕಾಯಬೇಡಿ. ಬರೆಯಲು ಶುರು ಮಾಡುವ ಮುಂಚೆ ನಾನು 11 ವರ್ಷ ಮೈಸೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತಿದ್ದೆ. ಎಡಗೈಯಲ್ಲಿ ಮೊಳೆ ಸಾಲಾಗಿ ಕೂರಿಸುವ ಸ್ಟಿಕ್ಕು, ಬಲಗೈ ಮೊಳೆ ತುಂಬಿದ ಕೇಸಿನ ಖಾನೆಗಳ ಮೇಲೆ. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಕನ್ನಡಕ್ಕೆ ಖಾನೆಗಳೂ ಜಾಸ್ತಿ, ಒತ್ತುಗಳಿಗೇ ಬೇರೆ ಇರಬೇಕಲ್ವಾ? ‘ಸ್ವಾತಂತ್ರ್ಯ’ ಅನ್ನುವ ಒಂದು ಪದಕ್ಕೆ ಮೊದಲ ತಿಂಗಳು ಬೆವರು ಬರುತ್ತಿತ್ತು. ಕೊನೆಯ ‘ತ’ಗೆ ರ ಒತ್ತು ಕೊಡಬೇಕು, ಯ ಒತ್ತೂ ಕೊಡಬೇಕು. ಆರು ತಿಂಗಳಿಗೆ ಬೆರಳು ತಾನಾಗಿಯೇ ಖಾನೆಗೆ ಹೋಗತೊಡಗಿತು. ಕಣ್ಣು ಹಸ್ತಪ್ರತಿಯ ಮೇಲೆ, ತಲೆ ಬೇರೆಲ್ಲೋ. ನನ್ನ ಮೊದಲ ಕಥೆ ಹುಟ್ಟಿದ್ದು ಹಾಗೆ, ಆ ಕೇಸಿನ ಮುಂದೆ ನಿಂತಲ್ಲೇ. ದಿನಾ ಒಂದೇ ಹೊತ್ತಿಗೆ ಅರ್ಧ ಪುಟ ಬರೆಯಿರಿ. ಹಿಡಿಸದಿದ್ದರೂ ಹರಿದುಹಾಕಬೇಡಿ.

ಮಾಡಿದ ಕೆಲಸಕ್ಕೆ ಹೊಗಳಿಕೆ ಬೇಕು ಅನಿಸುವುದು ತಪ್ಪಾ? (ಬಳ್ಳಾರಿ)

ಖಂಡಿತ ಅಲ್ಲ. ಇವತ್ತು ಊಟಕ್ಕೆ ಕೂತಾಗ ‘ಸಾರು ಚೆನ್ನಾಗಿದೆ’ ಅಂತ ಒಂದು ಮಾತು ಹೇಳಿ, ಮಾಡಿದವರ ಮುಖ ನೋಡಿ.

ತಪ್ಪು ಮಾಡಿದವರು ಅದನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಾರಲ್ಲ, ಯಾಕೆ? (ಶಿರಸಿ)

ಹೆದರಿಕೆಗೆ. ನಾನೂ ಹಾಗೆ ಮಾಡಿದ್ದೇನೆ. ಒಂದು ಮದುವೆ ಕಾರ್ಡಿನಲ್ಲಿ ತಾರೀಕು 12ರ ಬದಲು 21 ಅಂತ ಜೋಡಿಸಿಬಿಟ್ಟೆ. ಕರಡು ನೋಡುವಾಗಲೂ ಕಣ್ತಪ್ಪಿತು. 250 ಕಾರ್ಡು ಟ್ರೆಡಲ್ ಅಚ್ಚಿನ ಯಂತ್ರದಿಂದ ಇಳಿದ ಮೇಲೆ ಗೊತ್ತಾಯಿತು. ‘ಮದುವೆ ಮನೆಯವರೇ ಹಾಗೆ ಬರೆದುಕೊಟ್ಟಿದ್ದರು’ ಅಂದೆ. ಮೊಳೆ ಜೋಡಿಸುವ ನಮ್ಮ ಹಿರಿಯ ಕಂಪೋಸಿಟರ್ ತಂತಿಗೆ ಚುಚ್ಚಿಟ್ಟಿದ್ದ ಅವರ ಚೀಟಿ ತೆಗೆದು ನೋಡಿದರು. ಏನೂ ಅನ್ನದೆ ವಾಪಸ್ ಚುಚ್ಚಿದರು. ‘ಜೋಡಿಸಿದ್ದನ್ನು ಬಿಚ್ಚಮ್ಮ, ಎರಡೇ ಮೊಳೆ. ಅದಲು ಬದಲು ಮಾಡಿದರೆ ಆಯ್ತು’ ಅಂದರು. ರಾತ್ರಿ ಹತ್ತರವರೆಗೆ ನನ್ನ ಜೊತೆ ನಿಂತು ಮತ್ತೆ ಅಚ್ಚು ಹಾಕಿದರು. ಮಾರನೇ ದಿನ ನಾನೇ ಹೋಗಿ ಮಾಲೀಕರ ಹತ್ತಿರ ಹೇಳಿದೆ. ಕಾರ್ಡಿನ ದುಡ್ಡನ್ನು ಸಂಬಳದಲ್ಲಿ ಹಿಡಿದುಕೊಂಡರು. ಅವತ್ತು ಎಲ್ಲರ ಮುಂದೆ ಬೈದಿದ್ದರೆ ಆ ಸುಳ್ಳಿಗೇ ಅಂಟಿಕೊಂಡು ಕೂತಿರುತ್ತಿದ್ದೆ.

ನನಗೆ 50 ದಾಟಿತು. ನಮ್ಮ ಕುಂದಾಪುರ ಕಡೆಯ ಮಾತುಗಳನ್ನೆಲ್ಲ ಸೇರಿಸಿ ಒಂದು ಪದಕೋಶ ಮಾಡುವ ಆಸೆ. ಈಗ ಶುರು ಮಾಡಿದರೆ ಮುಗಿಯುತ್ತದಾ? (ಕುಂದಾಪುರ)

ಜರ್ಮನಿಗೆ ಮರಳಿದ್ದ ಮಿಷನರಿ ಫರ್ಡಿನೆಂಡ್ ಕಿಟೆಲ್ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನ ಕೆಲಸಕ್ಕೆಂದೇ 1883ರಲ್ಲಿ ಮತ್ತೆ ಇಲ್ಲಿಗೆ ಬಂದಾಗ ಅವರಿಗೂ 50 ದಾಟಿತ್ತು. ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದ, 1,700ಕ್ಕೂ ಜಾಸ್ತಿ ಪುಟ. ಅದನ್ನು ತೆರೆದಾಗಲೆಲ್ಲ ನನಗೆ ಕಿಟೆಲ್ ಜೊತೆ ಇನ್ನೂ ಕೆಲವರು ಕಾಣುತ್ತಾರೆ. ಕನ್ನಡ ಮೊಳೆ, ಇಂಗ್ಲಿಷ್ ಮೊಳೆ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದವರು. ಪುಟ ಅಚ್ಚಾದ ಮೇಲೆ ಒಂದೊಂದೇ ಮೊಳೆ ಬಿಡಿಸಿ ಅದರದರ ಖಾನೆಗೆ ಹಾಕಿದವರು. ಅದು ಆಗದಿದ್ದರೆ ಮುಂದಿನ ಪುಟಕ್ಕೆ ಅಕ್ಷರ ಎಲ್ಲಿಂದ ಬರಬೇಕು?

ನೀವು ಮನೆಯ ಹಿರಿಯರಿಂದಲೇ ಶುರು ಮಾಡಿ. ಮಳೆ, ಮೀನು, ಅಡುಗೆಮನೆ ಮಾತುಗಳು ಮೊದಲು. ಒಂದು ಪದಕ್ಕೆ ಒಂದು ಚೀಟಿ. ಯಾರು, ಯಾವ ಸಂದರ್ಭದಲ್ಲಿ ಹೇಳಿದರು ಅಂತ ಹಿಂಬದಿಯಲ್ಲಿ ಬರೆದಿಡಿ. 100 ಚೀಟಿ ಆದ ದಿನ ನನಗೊಂದು ಕಾಗದ ಹಾಕಿ.