ಬೇಡವಾದ ಯುದ್ಧ ನಡೆಸಿದ ನಾಯಕ ಸೋಲಲೇಬೇಕೇ?

ಹೊರದೇಶದಲ್ಲಿ ಜನಕ್ಕೆ ಬೇಡವಾದ ಯುದ್ಧ ನಡೆಸಿದ ನಾಯಕ ಮುಂದಿನ ಚುನಾವಣೆಯಲ್ಲಿ ಬಿದ್ದೇ ಬೀಳ್ತಾನಲ್ವಾ ಅಂತ ಕೇಳಿದ್ದೀರಿ. 1989ರಲ್ಲಿ ಹಾಸನ ಜಿಲ್ಲೆಯಲ್ಲಿ ನಾವೂ ಇದೇ ಲೆಕ್ಕ ಹಾಕಿದ್ವಿ.

ಅರಸೀಕೆರೆ ಕಡೆ ಕಾಂಗ್ರೆಸ್ ವಿರುದ್ಧ ನಿಂತಿದ್ದ ಒಬ್ಬರಿಗೆ ಕರಪತ್ರ ಬರೆದುಕೊಡ್ತಿದ್ದೆ. ರಾಜೀವ್ ಗಾಂಧಿ 1987ರ ಜುಲೈ ಒಪ್ಪಂದದಂತೆ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿದ್ರು. ಶಾಂತಿ ಕಾಯೋಕೆ ಹೋದವರು ಅಕ್ಟೋಬರ್ ಹೊತ್ತಿಗೆ ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆಗೇ ಹೊಡೆದಾಡ್ತಿದ್ರು. ಪಡೆ ಪೂರ್ತಿ ವಾಪಸಾಗೋದರೊಳಗೆ ನಮ್ಮ ಸಾವಿರಕ್ಕೂ ಹೆಚ್ಚು ಯೋಧರು ಸತ್ತಿದ್ರು. ಕೊನೆಗೆ ಅಲ್ಲಿನ ಅಧ್ಯಕ್ಷ ಪ್ರೇಮದಾಸ ಅವರೇ ಹೊರಡಿ ಅಂದ್ರು. ಇನ್ನೇನು ಬೇಕು? ಕರಪತ್ರದ ಮುಂಭಾಗ ತುಂಬಾ ಆ ಹೊಡೆದಾಟ ನಡೆದ ಲಂಕೆಯ ಊರು ಜಾಫ್ನಾ. ನೀರು, ಕರೆಂಟು, ರಸ್ತೆ ಎಲ್ಲಾ ಹಿಂಬದಿಗೆ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಭಾಷಣದಲ್ಲೂ ಅದೇ ಅನುಪಾತ. ನಮ್ಮ ಗುಂಪಿನ ಯಾರಿಗೂ ಇದು ತಲೆಕೆಳಗು ಅನ್ನಿಸಲೇ ಇಲ್ಲ. ಪೇಪರ್ ಓದೋರೇ ಕೂತು ಬರೆದದ್ದು ನೋಡಿ.

ರಾಗಿ ಕೊಯ್ಲಿನ ಕಾಲ. ಕುಡುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು ಕರಪತ್ರ ಇಸಕೊಂಡ ಒಬ್ಬ ಅಜ್ಜ, "ಅದೆಲ್ಲಾ ಸರಿ ಕಣಪ್ಪಾ, ಟೀಸಿ ಸುಟ್ಟೋಗಿ ತಿಂಗಳಾಯ್ತು, ಅದ್ನ ಯಾವಾಗ ಹಾಕಿಸ್ತೀರಾ?" ಅಂದ. ಟೀಸಿ ಅಂದ್ರೆ ಊರಿನ ಕರೆಂಟಿನ ಟ್ರಾನ್ಸ್‌ಫಾರ್ಮರ್. ಆ ಊರಲ್ಲಿ ಒಂದು ಮನೆಯಿಂದಲೂ ಲಂಕೆಗೆ ಮಗ ಹೋಗಿರಲಿಲ್ಲ.

ಫಲಿತಾಂಶ ಬಂತು. ದೇಶದಲ್ಲಿ ಕಾಂಗ್ರೆಸ್ 1984ರಲ್ಲಿ 400 ಸೀಟು ದಾಟಿದ್ದು 197ಕ್ಕೆ ಇಳಿದು ರಾಜೀವ್ ಅಧಿಕಾರ ಬಿಟ್ರು. ಅದಕ್ಕೆ ಫಿರಂಗಿ ಖರೀದಿಯ ಲಂಚದ ಬೊಫೋರ್ಸ್ ಹಗರಣ ಕಾರಣವೇ ಹೊರತು ಜಾಫ್ನಾ ಅಲ್ಲ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಕರ್ನಾಟಕದಲ್ಲೋ, 28 ಲೋಕಸಭಾ ಸೀಟಲ್ಲಿ 27 ಕಾಂಗ್ರೆಸ್ಸಿಗೇ! ಜೊತೆಗೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಹೊಳೆನರಸೀಪುರದಲ್ಲಿ ದೇವೇಗೌಡರೇ ಸೋತ್ರು. ಜನತಾ ಪರಿವಾರದ ಒಳಜಗಳ ನೋಡಿ ಜನ ರೋಸಿಹೋಗಿದ್ರು. ನಮ್ಮವರ ಠೇವಣಿ ಹೋಯ್ತು, ಪ್ರೆಸ್ಸಿನ ಬಾಕಿ ತೀರಿಸೋಕೆ ನನ್ನ ಸ್ಕೂಟರ್ ಹೋಯ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಎಲ್ಲರೂ ಅಮೆರಿಕದ ಅಧ್ಯಕ್ಷ ಜಾನ್ಸನ್ ಉದಾಹರಣೆ ಕೊಡ್ತಾರೆ: 1964ರಲ್ಲಿ ಶೇ. 61 ಮತ ಪಡೆದ ಮನುಷ್ಯ ವಿಯೆಟ್ನಾಂ ದೆಸೆಯಿಂದ 1968ರ ಮಾರ್ಚ್ 31ಕ್ಕೆ ಇನ್ನು ನಿಲ್ಲಲ್ಲ ಅಂದುಬಿಟ್ಟ. ಆದರೆ ಅಲ್ಲಿ ಕಡ್ಡಾಯ ಸೇನಾ ಭರ್ತಿ ಇತ್ತು. ಯಾರ ಮಗನಿಗೆ ಬೇಕಾದರೂ ಓಲೆ ಬರಬಹುದಿತ್ತು. ನಿಮ್ಮ ನಾಯಕನ ಯುದ್ಧ ಎಷ್ಟು ಮನೆ ಹೊಸ್ತಿಲು ದಾಟಿದೆ ಅಂತ ಮೊದಲು ನೋಡಿ, ಸಮೀಕ್ಷೆ ಆಮೇಲೆ. ಅದೇ ಯುದ್ಧ ಇನ್ನೂ ನಡೀತಿರುವಾಗಲೇ, ಸೈನಿಕರನ್ನು ವಾಪಸ್ ಕರೆಸಿಕೊಳ್ತಾ ಬಂದಿದ್ದ ಮುಂದಿನ ಅಧ್ಯಕ್ಷ ನಿಕ್ಸನ್ 1972ರಲ್ಲಿ 50ರಲ್ಲಿ 49 ರಾಜ್ಯ ಗೆದ್ದ.