ಬಟನ್ ಒತ್ತಿದ ಕೂಡಲೇ ಸಾಲುಗಳ ಬಣ್ಣ ಮಾಯವಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ಲಾಗ್ ಫೈಲ್ ಓದಲು ಜಾವಾ ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಮಾಡುವ ಜಾವಾ ಲೈಬ್ರರಿ) ಒಂದು ಸಣ್ಣ ಅಪ್ಲಿಕೇಷನ್ ಮಾಡಿದ್ದೇನೆ, ವಿಂಡೋಸ್‌ನಲ್ಲಿ ಓಡುತ್ತದೆ. ಜೆಟೆಕ್ಸ್ಟ್‌ಏರಿಯಾದಲ್ಲಿ (ಹಲವು ಸಾಲು ತೋರಿಸುವ ಪಠ್ಯ ಪೆಟ್ಟಿಗೆ) ಕೆಲವು ಸಾಲು ಸೆಲೆಕ್ಟ್ ಮಾಡಿ ಬಟನ್ ಒತ್ತಿದರೆ ಅವು ಹಳದಿಯಾಗಿ ಉಳಿಯಬೇಕು. ಸೆಲೆಕ್ಷನ್ ಬಣ್ಣವನ್ನೇ ಹಳದಿ ಮಾಡಿದೆ. ಬಟನ್ ಒತ್ತಿದ ಕೂಡಲೇ ಅದು ಮಾಯ.

ಉತ್ತರ: ಸೆಲೆಕ್ಷನ್ ಇರುವುದು ಕರ್ಸರ್‌ನ ಕೈಯಲ್ಲಿ. ಬಟನ್ ಒತ್ತಿದಾಗ ಫೋಕಸ್ (ಕೀಬೋರ್ಡ್ ಒತ್ತಿದ್ದು ಯಾರಿಗೆ ಹೋಗುತ್ತದೋ ಆ ಸರದಿ) ಅದಕ್ಕೆ ಹೋಗುತ್ತದೆ, ಕರ್ಸರ್ ತನ್ನ ಸೆಲೆಕ್ಷನ್ ಬಣ್ಣವನ್ನು ಮರೆಮಾಡುತ್ತದೆ. ಬಟನ್ನಿನ ಸೆಟ್‌ಫೋಕಸೇಬಲ್ ಅನ್ನು ಫಾಲ್ಸ್ ಮಾಡಿದರೆ ಬಣ್ಣ ನಿಲ್ಲುತ್ತದೆ ನಿಜ, ಆದರೆ ಬೇರೆ ಕಡೆ ಕ್ಲಿಕ್ ಮಾಡಿದರೆ ಮತ್ತೆ ಹೋಗುತ್ತದೆ. ಅದನ್ನು ನೆಚ್ಚಿಕೊಳ್ಳಬೇಡಿ. ಗುರುತು ಉಳಿಯಬೇಕು ಎಂದರೆ ಹೈಲೈಟರ್ (ಪಠ್ಯದ ಹಿಂದೆ ಬಣ್ಣ ಹಾಕುವ ಸ್ವಿಂಗ್ ಆಬ್ಜೆಕ್ಟ್) ಬಳಸಿ, ಅದು ಇರುವುದೇ ಇದಕ್ಕೆ.

ಗೆಟ್‌ಹೈಲೈಟರ್ ಕರೆದು, ಅದರ ಆಡ್‌ಹೈಲೈಟ್‌ಗೆ ಮೂರು ವಿಷಯ ಕೊಡಬೇಕು: ಎಲ್ಲಿಂದ, ಎಲ್ಲಿವರೆಗೆ (ಇವೆರಡೂ ಆಫ್‌ಸೆಟ್, ಅಂದರೆ ಪಠ್ಯದ ಆರಂಭವನ್ನು ಸೊನ್ನೆ ಎಂದು ಎಣಿಸಿದ ಜಾಗ), ಯಾವ ಪೇಂಟರ್ (ಬಣ್ಣ ಬಳಿಯುವ ಆಬ್ಜೆಕ್ಟ್). ಬಣ್ಣ ಕೊಟ್ಟು ಮಾಡಿದ ಡಿಫಾಲ್ಟ್‌ಹೈಲೈಟ್‌ಪೇಂಟರ್ ಸಾಕು. ಸೆಲೆಕ್ಷನ್ ಸಾಲಿನ ನಡುವೆ ಶುರುವಾಗಿರಬಹುದು ಅಲ್ವಾ? ಅದಕ್ಕೆ ಗೆಟ್‌ಲೈನ್‌ಆಫ್‌ಆಫ್‌ಸೆಟ್‌ನಿಂದ ಸಾಲಿನ ಸಂಖ್ಯೆ ಹಿಡಿದು, ಮೊದಲ ಸಾಲಿನ ಗೆಟ್‌ಲೈನ್‌ಸ್ಟಾರ್ಟ್‌ಆಫ್‌ಸೆಟ್, ಕೊನೆ ಸಾಲಿನ ಗೆಟ್‌ಲೈನ್‌ಎಂಡ್‌ಆಫ್‌ಸೆಟ್ ತೆಗೆದುಕೊಳ್ಳಿ.

ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಪ್ರತಿ ಸಾಲಿನಲ್ಲಿ 10 ಅಕ್ಷರ, ಜೊತೆಗೆ ಒಂದು ನ್ಯೂಲೈನ್ (ಸಾಲು ಮುಗಿಸುವ ಅಕ್ಷರ) ಇದೆ ಎಂದುಕೊಳ್ಳಿ. ಮೂರನೇ ಸಾಲು ಶುರುವಾಗುವುದು 22ರಲ್ಲಿ. ಅದನ್ನು ನ್ಯೂಲೈನ್ ಸಮೇತ ಸೆಲೆಕ್ಟ್ ಮಾಡಿದರೆ ಕೊನೆ 33. ಆದರೆ 33 ಎಂದರೆ ನಾಲ್ಕನೇ ಸಾಲಿನ ಮೊದಲ ಜಾಗ! ಹಾಗೇ ಬಿಟ್ಟರೆ ನೀವು ಮುಟ್ಟದ ನಾಲ್ಕನೇ ಸಾಲೂ ಹಳದಿಯಾಗುತ್ತದೆ. ಏನಾದರೂ ಸೆಲೆಕ್ಟ್ ಆಗಿದ್ದರೆ ಕೊನೆಯಿಂದ ಒಂದು ಕಳೆದು, 32ರ ಸಾಲು ಯಾವುದು ಎಂದು ಕೇಳಿ. ಸರಿಯಾದ ಉತ್ತರ ಬರುತ್ತದೆ. ಸಾಲಿನ ಎಣಿಕೆ ಸೊನ್ನೆಯಿಂದ ಶುರು ಎನ್ನುವುದೂ ನೆನಪಿರಲಿ.

ಈಗ ಬಣ್ಣ ಅಕ್ಷರ ಇರುವಷ್ಟು ಅಗಲಕ್ಕೆ ಮಾತ್ರ ಬರುತ್ತದೆ. ಸಾಲು ಪೂರ್ತಿ, ಬಲ ಅಂಚಿನವರೆಗೆ ಬೇಕೇ? ಹೈಲೈಟರನ್ನು ಡಿಫಾಲ್ಟ್‌ಹೈಲೈಟರ್‌ಗೆ ಕಾಸ್ಟ್ ಮಾಡಿ (ಅಂದರೆ ಅದು ಆ ಟೈಪ್‌ನದು ಎಂದು ಜಾವಾಗೆ ಹೇಳಿ), ಸೆಟ್‌ಡ್ರಾಸ್‌ಲೇಯರ್ಡ್‌ಹೈಲೈಟ್ಸ್ ಅನ್ನು ಫಾಲ್ಸ್ ಮಾಡಿ. ಗುರುತು ಹಾಕುವ ಮೊದಲೇ ಮಾಡಬೇಕು, ಆಮೇಲೆ ಮಾಡಿದರೆ ಹಳೆಯ ಗುರುತು ಬದಲಾಗುವುದಿಲ್ಲ. ಫೈಲಿನ ಕೊನೆಯ ಸಾಲಿನ ನಂತರ ನ್ಯೂಲೈನ್ ಇಲ್ಲದಿದ್ದರೆ ಅದೊಂದು ಮಾತ್ರ ಅಕ್ಷರದಷ್ಟೇ ಅಗಲ ಇರುತ್ತದೆ.

ಗುರುತು ತೆಗೆಯಲು ರಿಮೂವ್‌ಆಲ್‌ಹೈಲೈಟ್ಸ್ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಬೇಡ. ಸೆಲೆಕ್ಷನ್ನಿನ ಬಣ್ಣವೂ ಅದೇ ಹೈಲೈಟರ್‌ನಲ್ಲೇ ಇರುತ್ತದೆ, ಅದೂ ಅಳಿಸಿಹೋಗುತ್ತದೆ. ಆಡ್‌ಹೈಲೈಟ್ ವಾಪಸ್ ಕೊಡುವ ಟ್ಯಾಗ್‌ಗಳನ್ನು ಒಂದು ಲಿಸ್ಟ್‌ನಲ್ಲಿ ಇಟ್ಟುಕೊಂಡು, ಬೇಕಾದ್ದನ್ನು ಮಾತ್ರ ರಿಮೂವ್‌ಹೈಲೈಟ್‌ಗೆ ಕೊಡಿ. ಮೇಲೆ ಹೊಸ ಸಾಲು ಸೇರಿಸಿದರೆ ಗುರುತು ತಾನಾಗಿಯೇ ಪಠ್ಯದ ಜೊತೆ ಕೆಳಗೆ ಸರಿಯುತ್ತದೆ, ಲೆಕ್ಕ ತಿದ್ದುವ ಕೆಲಸವಿಲ್ಲ. ಸೆಟ್‌ಟೆಕ್ಸ್ಟ್‌ನಿಂದ ಬೇರೆ ಫೈಲ್ ತುಂಬುವ ಮುನ್ನ ಮಾತ್ರ ಲಿಸ್ಟ್‌ನಲ್ಲಿರುವ ಟ್ಯಾಗ್‌ಗಳನ್ನೆಲ್ಲ ತೆಗೆದುಬಿಡಿ.

ಮುಂದೆ, ಪಠ್ಯಕ್ಕೆ ಬೇರೆ ಬೇರೆ ಶೈಲಿ ಕೊಡಬಲ್ಲ ಜೆಟೆಕ್ಸ್ಟ್‌ಪೇನ್‌ಗೆ ಹೋದರೆ ಸಾಲಿನ ಆ ಮೆಥಡ್‌ಗಳು ಅಲ್ಲಿಲ್ಲ. ಡಾಕ್ಯುಮೆಂಟ್‌ನ ಗೆಟ್‌ಡಿಫಾಲ್ಟ್‌ರೂಟ್‌ಎಲಿಮೆಂಟ್ ತೆಗೆದು, ಅದರ ಗೆಟ್‌ಎಲಿಮೆಂಟ್‌ಇಂಡೆಕ್ಸ್‌ನಿಂದ ಸಾಲು ಹುಡುಕಿ. ಇದು ಜೆಟೆಕ್ಸ್ಟ್‌ಏರಿಯಾದಲ್ಲೂ ನಡೆಯುತ್ತದೆ.