ಒಂದು ವಿಡಿಯೋ ಇನ್ನೊಂದನ್ನ ಓಡಿಸೋದು, ನಿಲ್ಲಿಸೋದು ಹೇಗೆ?

ಪ್ರಶ್ನೆ: ನನ್ನ ಪೇಜ್‌ನಲ್ಲಿ ಎರಡು ಯೂಟ್ಯೂಬ್ ವಿಡಿಯೋ ಎಂಬೆಡ್ ಮಾಡಿದೀನಿ, ಒಂದು ಪಾಠ, ಇನ್ನೊಂದು ಅದರ ಪ್ರಯೋಗ. ಪಾಠ 40ನೇ ಸೆಕೆಂಡಿಗೆ ಬಂದಾಗ ತಾನಾಗೇ ನಿಂತು ಪ್ರಯೋಗ ಶುರುವಾಗಬೇಕು, ಅದು ಮುಗಿದ್ಮೇಲೆ ಪಾಠ ಮುಂದುವರೀಬೇಕು. ಜಾವಾಸ್ಕ್ರಿಪ್ಟ್‌ನಿಂದ ಐಫ್ರೇಮ್ (ಎಂಬೆಡ್ ಆಗಿರೋ ಚೌಕಟ್ಟು) ಒಳಗಿನ ವಿಡಿಯೋ ಟ್ಯಾಗ್ ಹಿಡಿಯೋಕೆ ನೋಡಿದೆ, ಸಿಗ್ತಾನೇ ಇಲ್ಲ. ಏನ್ ಮಾಡ್ಲಿ?

ಉತ್ತರ: ಅದು ಸಿಗಲ್ಲ, ಸಿಗಬಾರದು ಕೂಡ. ಐಫ್ರೇಮ್ ಒಳಗಿರೋದು ಬೇರೆ ಡೊಮೇನ್‌ನ ಪೇಜ್, ಅದರೊಳಗೆ ನಿಮ್ಮ ಸ್ಕ್ರಿಪ್ಟ್ ಕೈ ಹಾಕೋಕೆ ಬ್ರೌಸರ್ ಬಿಡಲ್ಲ. ಆದ್ರೆ ಹೊರಗಿಂದ ಮೆಸೇಜ್ ಕಳಿಸಬಹುದು, ಪೋಸ್ಟ್‌ಮೆಸೇಜ್ ಇರೋದೇ ಅದಕ್ಕೆ, ಯೂಟ್ಯೂಬ್‌ನ ಐಫ್ರೇಮ್ ಪ್ಲೇಯರ್ ಎಪಿಐ (ಕೋಡಿನಿಂದ ಪ್ಲೇಯರ್‌ಗೆ ಆಜ್ಞೆ ಕೊಡೋ ಸೌಲಭ್ಯ) ಈ ಕೆಲಸವನ್ನ ನಮಗೆ ಸಲೀಸು ಮಾಡಿಕೊಡುತ್ತೆ. ಐಫ್ರೇಮ್ ಕೈಯಾರೆ ಬರೆದಿದ್ರೆ ವಿಳಾಸದ ಕೊನೆಗೆ 'ಎನೇಬಲ್‌ಜೆಎಸ್‌ಎಪಿಐ=1' ಸೇರಿಸಿ, ಎರಡಕ್ಕೂ ಒಂದೊಂದು ಪ್ಲೇಯರ್ ಆಬ್ಜೆಕ್ಟ್ ಮಾಡ್ಕೊಳ್ಳಿ, ಎರಡೂ 'ಆನ್‌ರೆಡಿ' ಅನ್ನೋವರೆಗೂ ಯಾವ ಆಜ್ಞೆನೂ ಕೊಡಬೇಡಿ.

ವಿಡಿಯೋಗಳು ಒಂದಕ್ಕೊಂದು ನೇರವಾಗಿ ಮಾತಾಡಲ್ಲ, ನಡುವೆ ನಿಮ್ಮ ಪೇಜ್ ಇದೆ, ಒಂದರ ಸುದ್ದಿ ಕೇಳಿ ಇನ್ನೊಂದಕ್ಕೆ ಹೇಳೋದು ಅದೇ. ಸ್ಥಿತಿ ಬದಲಾದಾಗ ಒಂದು ಅಂಕಿ ಬರುತ್ತೆ: ಓಡ್ತಿದ್ರೆ 1, ಪಾಝ್ ಆದ್ರೆ 2, ಬಫರ್ ಆಗ್ತಿದ್ರೆ 3, ಮುಗಿದ್ರೆ 0. ಪ್ರಯೋಗದಿಂದ 0 ಬಂದಾಗ ಪಾಠಕ್ಕೆ 'ಪ್ಲೇವಿಡಿಯೋ' ಹೇಳಿ. 2ಕ್ಕೆ ಮಾತ್ರ ಏನನ್ನೂ ಕಟ್ಟಬೇಡಿ ದಯವಿಟ್ಟು, ನೋಡೋರು ನೋಟ್ಸ್ ಬರ್ಕೊಳ್ಳೋಕೆ ಅಂತ ಪಾಠ ನಿಲ್ಲಿಸಿದ್ರೂ 2 ಬರುತ್ತೆ, ಆಗ ಪ್ರಯೋಗ ದಡಕ್ಕನೆ ಶುರುವಾಗಿಬಿಡುತ್ತೆ.

ನಿಜವಾದ ಕಷ್ಟ ಆ 40ನೇ ಸೆಕೆಂಡ್‌ದು. ಇಷ್ಟು ಹೊತ್ತಾಯ್ತು ಅಂತ ಹೇಳೋ ಈವೆಂಟ್ ಈ ಎಪಿಐಯಲ್ಲಿ ಇಲ್ಲ, ನೀವೇ 'ಸೆಟ್‌ಇಂಟರ್ವಲ್' ಹಾಕಿ 250 ಮಿಲಿಸೆಕೆಂಡಿಗೊಮ್ಮೆ 'ಗೆಟ್‌ಕರೆಂಟ್‌ಟೈಮ್' ಕೇಳ್ತಿರಬೇಕು. ಉತ್ತರ 40.137 ಅಂತೆಲ್ಲಾ ದಶಮಾಂಶದಲ್ಲಿ ಬರುತ್ತೆ, ಹಾಗಾಗಿ 40ಕ್ಕೆ ಸಮನಾ ಅಂತ ನೋಡಿದ್ರೆ ಯಾವತ್ತೂ ಹೊಂದದೇ ಇರಬಹುದು, 40ರಿಂದ 41ರ ಒಳಗಿದ್ಯಾ ಅಂತ ನೋಡಿ, ಯಾರಾದ್ರೂ 10ರಿಂದ ನೇರ 90ಕ್ಕೆ ಹಾರಿದ್ರೆ ಅವರನ್ನ ತಡೆಯೋದೂ ಬೇಡ. ಜೊತೆಗೆ 'ಪ್ರಯೋಗ ತೋರಿಸಾಯ್ತು' ಅಂತ ಒಂದು ಫ್ಲ್ಯಾಗ್ (ಹೌದು-ಇಲ್ಲ ಗುರುತು) ಇಟ್ಕೊಳ್ಳಿ. ಇಲ್ದಿದ್ರೆ ಪಾಠ 40.2ರಿಂದ ಮುಂದುವರಿದ ತಕ್ಷಣ ನಿಮ್ಮ ಕೋಡೇ ಅದನ್ನ ಮತ್ತೆ ನಿಲ್ಲಿಸಿ ಪ್ರಯೋಗವನ್ನ ಇನ್ನೊಮ್ಮೆ ಓಡಿಸುತ್ತೆ, ಹೀಗೇ ಸುತ್ತುತ್ತಾ ಇರುತ್ತೆ. ಸಮಯ 40ಕ್ಕಿಂತ ಹಿಂದೆ ಹೋದ್ರೆ ಫ್ಲ್ಯಾಗ್ ಅಳಿಸಿ, ಪಾಠ ಮತ್ತೆ ನೋಡೋರಿಗೆ ಪ್ರಯೋಗನೂ ಮತ್ತೆ ಸಿಗಲಿ.

ಇನ್ನು ಆಟೋಪ್ಲೇ. ಶಬ್ದ ಇರೋ ವಿಡಿಯೋ ತಾನಾಗೇ ಶುರುವಾಗೋದನ್ನ ಕ್ರೋಮ್ 2018ರಿಂದ ತಡೀತಿದೆ, ಹಾಗಾಗಿ ಐಫ್ರೇಮ್ ಟ್ಯಾಗ್‌ನ 'ಅಲೋ' ಆಟ್ರಿಬ್ಯೂಟ್‌ನಲ್ಲಿ ಆಟೋಪ್ಲೇ ಇರಲಿ. ಆದ್ರೂ ಪ್ರಯೋಗ ಶುರುವಾಗ್ದಿದ್ರೆ ಮ್ಯೂಟ್ ಮಾಡಿ ಓಡಿಸಿ ನೋಡಿ. ಐಫೋನ್‌ಗೆ ವಿಳಾಸದಲ್ಲಿ 'ಪ್ಲೇಸ್‌ಇನ್‌ಲೈನ್=1' ಹಾಕದಿದ್ರೆ ವಿಡಿಯೋ ಇಡೀ ಸ್ಕ್ರೀನ್ ತುಂಬಿಕೊಂಡು ಪಕ್ಕದ್ದು ಕಾಣೋದೇ ಇಲ್ಲ. ಹಾಂ, ಪರೀಕ್ಷೆ ಮಾಡುವಾಗ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೀಬೇಡಿ, ಲೋಕಲ್ ಸರ್ವರ್‌ನಲ್ಲಿ ಓಡಿಸಿ.